ಭಾಗ 7: ಸಸ್ಪೆನ್ಸ್ ಅಕೌಂಟಿನ್ಯಾಗ ಸಿಕ್ಕ ಸೈನಿಕ

ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆ ಮನ್ಯಾಗ ಯಾರಿಗರ ಅಮ್ಮ ಬಂದ್ರ ಬೇವಿನ ತಪ್ಪಲ ತರ್ತಾರ, ನೀವೂ ನೋಡಿರ್ತೀರಿ. ಅಜ್ಜಿಯಂದಿರ ಕಾಲದಾಗ ಆ ಹೆಸರು ಸಿಡುಬಿಗಿತ್ತು. ಸಿಡುಬು ಹೋತು, ಹೆಸರು ಚಿಕನ್‌ಪಾಕ್ಸ್‌ಗೆ ಉಳೀತು. ಅಂಥಾ ಹೊತ್ತಿನ್ಯಾಗ ಮೈಯೊಳಗ ಮೊದಲು ಹೊಡೆದಾಡೋರು ಯಾರು? ಈ ಸಲ ಅದೇ ಇತಿಹಾಸ.

ಮೊದಲು ಮೈಸೂರಿಗೆ ಹೋಗೋಣ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಚಿತ್ರದಾಗ ಅರಮನೆಯ ಮೂವರು ಹೆಣ್ಣುಮಕ್ಕಳು ನಿಂತಾರ. ಒಬ್ಬಾಕಿ ಸೆರಗು ಸರಿಸಿ ತೋಳು ತೋರಸ್ತಾಳ. ಆಕಿ ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ, ಆ ಜಾಗ ಸಿಡುಬಿನ ಲಸಿಕೆ ಹಾಕಿಸಿಕೊಂಡದ್ದು ಅಂತಾರ ಇತಿಹಾಸಕಾರ ನೈಜೆಲ್ ಚಾನ್ಸೆಲರ್. ರಾಣಿನೇ ಹಾಕಿಸಿಕೊಂಡ್ರ ಜನರ ಅಂಜಿಕಿ ಕಡಿಮಿ ಆಗ್ತದಲ್ರಿ!

ಲಸಿಕೆ ಅಂದ್ರ ಶತ್ರುವಿನ ಮುಖ ನೆನಪಿಡಾಕ ಮೈಗೆ ಕಲಿಸೋದು. ಆದ್ರ ಹೊಸ ಶತ್ರು ಬಂದಾಗ ಕಲಿಯಾಕ ದಿನಗಟ್ಟಲೆ ಬೇಕು. ಅಲ್ಲೀತನಕ ಕಾಯೋರ ಮ್ಯಾಲೆ ವಿಜ್ಞಾನಿಗಳ ಕಣ್ಣು ಬಿದ್ದದ್ದು ಬಹಳ ತಡವಾಗಿ.

1970ರ ದಶಕದಾಗ ಪ್ರಯೋಗಾಲಯಗಳೊಳಗ ಒಂದು ಲೆಕ್ಕ ಕೂಡ್ತಿರಲಿಲ್ಲ. ಕ್ಯಾನ್ಸರ್ ಜೀವಕೋಶವನ್ನ ಹಿಂದೆಂದೂ ಕಾಣದ ಇಲಿಯ ಬಿಳಿ ರಕ್ತಕಣಗಳೂ ಅದನ್ನ ಕೊಲ್ತಿದ್ದವು. ಪ್ರಯೋಗದ ಏರುಪೇರು ಅಂತ ತಳ್ಳಿಹಾಕಿದವರೂ ಇದ್ರು. ಬಿಕಾಂನವರಿಗೆ ಇದು ಗೊತ್ತಿರೋ ಆಟ: ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲಂದ್ರ ವ್ಯತ್ಯಾಸ ಸಸ್ಪೆನ್ಸ್ ಅಕೌಂಟಿಗೆ. ಅದನ್ನ ಬಿಡಿಸಾಕ ಯಾರಿಗೂ ಮನಸ್ಸಿರಂಗಿಲ್ಲ.

ಬಿಡಿಸಿದವರು ಸ್ಟಾಕ್‌ಹೋಮಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ರಾಲ್ಫ್ ಕೀಸ್ಲಿಂಗ್, ಇವಾ ಕ್ಲೈನ್, ಹಾನ್ಸ್ ವಿಗ್ಜೆಲ್. 1975ರಾಗ. ಅದೇ ವರ್ಷ ಅಮೆರಿಕದಾಗ ರೊನಾಲ್ಡ್ ಹರ್ಬರ್‌ಮನ್ ತಂಡಕ್ಕೂ ಇದೇ ಸಿಕ್ತು. ಯಾರೂ ಕಲಿಸದೇ ಕೊಲ್ಲೋ ಕಣ ಅಂತ ಇಟ್ಟ ಹೆಸರು ನ್ಯಾಚುರಲ್ ಕಿಲ್ಲರ್, ಎನ್‌ಕೆ.

ಕಲಿಸದೇ ಶತ್ರುವನ್ನ ಗುರುತಿಸೋದು ಹೆಂಗ? ಕೋಟೆಯ ಅಗಸಿ ಕಾಯೋನನ್ನ ನೆನಸ್ಕೋರಿ. ಎಲ್ಲಾ ಕಳ್ಳರ ಮುಖ ಅವನಿಗೆ ಗೊತ್ತಿಲ್ಲ. ಮುದ್ರೆ ಅದನೋ ಇಲ್ಲೋ ಅಂತ ನೋಡ್ತಾನ. ನಮ್ಮ ಜೀವಕೋಶಗಳ ಮೈಮ್ಯಾಲೆ ಎಂಎಚ್‌ಸಿ ಅನ್ನೋ ಅಂಥಾ ಮುದ್ರೆ ಇರ್ತದ. ಕಲಿತ ಸೈನ್ಯದ ಕಣ್ಣು ತಪ್ಪಿಸಾಕ ಕೆಲವು ವೈರಸ್ಸು, ಕೆಲವು ಕ್ಯಾನ್ಸರ್ ಅದನ್ನ ಅಡಗಿಸ್ತಾವ. ಮುದ್ರೆ ಕಾಣದಾಗ ಎನ್‌ಕೆ ಆ ಜೀವಕೋಶದ ಗೋಡಿಗೆ ತೂತು ಕೊರೆದು ಕೊಲ್ತದ. ಈ ‘ಕಾಣೆಯಾದ ಗುರುತಿ’ನ ವಿಚಾರಕ್ಕ 1986ರಾಗ ಪುರಾವೆ ಕೊಟ್ಟವರು ಸ್ವೀಡನ್ನಿನ ಕ್ಲಾಸ್ ಕಾರೆ ಮತ್ತು ಜೊತೆಗಾರರು.

ಇಲಿಯಾಗ ಸರಿ, ಮನುಷ್ಯರಿಗೆ ಇದು ಅಷ್ಟು ಬೇಕಾ? 1989ರಾಗ ಅಮೆರಿಕದ ವೈದ್ಯರು ಹದಿಹರೆಯದ ಒಬ್ಬ ಹುಡುಗಿಯ ವರದಿ ಪ್ರಕಟಿಸಿದರು. ಆಕಿ ಮೈಯಾಗ ಎನ್‌ಕೆ ಕಣಗಳೇ ಇರಲಿಲ್ಲ. ಮಂದಿ ಒಂದೆರಡು ವಾರದಾಗ ಎದ್ದು ಓಡಾಡೋ ಚಿಕನ್‌ಪಾಕ್ಸ್ ಆಕಿ ಜೀವಕ್ಕೇ ಬಂದಿತ್ತು. ಅದು ವಾಸಿ ಆದ ಮ್ಯಾಲೂ ಅದೇ ಹರ್ಪಿಸ್ ಕುಟುಂಬದ ಬ್ಯಾರೆ ವೈರಸ್ಸುಗಳು ಆಕಿನ್ನ ಬಿಡಲಿಲ್ಲ.