ಮೈಲಿ ಮತ್ತು ಮೈಲಿಗೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದವರು ಕೇದಾರೇಶ್ವರ ಗುಡಿಯ ಶಿಲ್ಪ ನೋಡಿ ಬೆರಗಾಗಿ ಬರುತ್ತಾರೆ. ಅಲ್ಲಿನ ಕೋಡಿಮಠದ ಶಾಸನ ಓದಿ ಬರುವವರು ಕಡಿಮೆ. ಕಳಚುರಿ ಬಿಜ್ಜಳನ ಕಾಲದ, 1162ರ ಆ ಶಾಸನ ಮಠವನ್ನು ಕೊಂಡಾಡುತ್ತದೆ. ಅಲ್ಲಿ ವೇದ, ವ್ಯಾಕರಣ ಓದಿಸುತ್ತಿದ್ದರಂತೆ. ಕುಂಟರು, ಕುರುಡರು, ಕಿವುಡರಿಗೆ ಅನ್ನ ಹಾಕುತ್ತಿದ್ದರಂತೆ. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ಮಾಡುತ್ತಿದ್ದರಂತೆ. ಎಂಟುನೂರು ವರ್ಷಗಳ ಹಿಂದೆಯೇ ನಮ್ಮ ಸೀಮೆಯಲ್ಲಿ ಆಸ್ಪತ್ರೆಯಂಥದು ಇತ್ತು ಅಂತ ಮೇಷ್ಟ್ರು ಹೇಳಿದಾಗ ನನಗೂ ಹೆಮ್ಮೆಯಾಗಿತ್ತು. ಆಮೇಲೆ ಅನುಮಾನ ಹುಟ್ಟಿತು. ಮಠದ ಬಾಗಿಲಿಂದ ಹೊಲಗೇರಿಗೆ ಎಷ್ಟು ದೂರ? ದಿಕ್ಕಿಲ್ಲದವರ ಆ ಸಾಲಿನಲ್ಲಿ ಕೇರಿಯ ಬಾಣಂತಿ ನಿಲ್ಲಬಹುದಿತ್ತೇ? ಕೇರಿಯಲ್ಲಿ ಕೂತು ಚರಿತ್ರೆ ಓದುವವರು ಈ ಪ್ರಶ್ನೆ ದಾಟಿ ಹೋಗುವ ಹಾಗಿಲ್ಲ.

ಇದನ್ನು ಈಗ ಕೇಳಲು ಕಾರಣವಿದೆ. ಡಾಕ್ಟರು ಮೊಬೈಲಿನಲ್ಲೇ ಬರುತ್ತಾರೆ, ಇನ್ನು ದೂರ ಅನ್ನೋದೇ ಇಲ್ಲ ಅನ್ನುತ್ತಿದ್ದಾರೆ. ಯಾವ ದೂರ? ನಮಗೆ ಗೊತ್ತಿರುವುದು ಎರಡು. ಒಂದು ಮೈಲಿಯದು. ಇನ್ನೊಂದು ಮೈಲಿಗೆಯದು.

ಎರಡನೆಯದರ ಕತೆ ಮೊದಲು ಕೇಳಿ. ಕಾಠಿಯಾವಾಡದ ಒಬ್ಬ ದಲಿತ ಮೇಷ್ಟರ ಪತ್ರ 1929ರ ಡಿಸೆಂಬರ್‌ನಲ್ಲಿ ಗಾಂಧೀಜಿಯ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಯಿತು. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅದನ್ನು ನಮಗಾಗಿ ಉಳಿಸಿಕೊಟ್ಟಿದ್ದಾರೆ. ಮೇಷ್ಟರ ಹೆಂಡತಿ ಬಾಣಂತಿ, ಕಾಯಿಲೆ ಬಿದ್ದಳು. ಕೇರಿಯೊಳಗೆ ಕಾಲಿಡೆನೆಂದ ಡಾಕ್ಟರು ಅವಳನ್ನೇ ಕೇರಿಯ ಹೊರಗೆ ತರಿಸಿದ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ಅದೇ ಹಾದಿಯಲ್ಲಿ ಅದು ವಾಪಸಾಯಿತು. ಮುಟ್ಟದೆಯೇ ನ್ಯುಮೋನಿಯಾ ಎಂದು ಹೇಳಿ ಹೋದ. ಆಕೆ ಸತ್ತಳು. ಗೆಳೆಯರೇ, ದೂರದಿಂದ ರೋಗಿ ನೋಡುವ ವಿದ್ಯೆ ಈ ದೇಶಕ್ಕೆ ಹೊಸದಲ್ಲ. ಕಂಪ್ಯೂಟರು ಬರುವ ಮೊದಲೇ ಜಾತಿ ಅದನ್ನು ಕಲಿಸಿತ್ತು.

ಇನ್ನು ಮೈಲಿಯ ಕತೆ ನಮ್ಮದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ನೆಲ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗದಲ್ಲಿ ಹೊಸ ವೈರಸ್ ಕಂಡುಹಿಡಿದರು. ಕಾಡಿನ ಉಣುಗು ಅದನ್ನು ಹರಡುತ್ತದೆಂದು ತಿಳಿಯಿತು. ಮಂಗನ ಕಾಯಿಲೆಗೆ ಕ್ಯಾಸನೂರಿನ ಹೆಸರಿಟ್ಟರು, ಹೆಸರು ಲೋಕವನ್ನೆಲ್ಲ ಸುತ್ತಿತು. ಉಣುಗು ಕಚ್ಚಿಸಿಕೊಂಡವರು ಯಾರು? ಸೌದೆಗೆ, ತರಗೆಲೆಗೆ, ದನ ಮೇಯಿಸಲಿಕ್ಕೆ ಕಾಡು ಹೊಕ್ಕವರು. ಆ ವೈರಸ್ಸನ್ನೇ ಕೊಲ್ಲುವ ಮದ್ದು ಇವತ್ತಿಗೂ ಇಲ್ಲ. ರೋಗಿಯನ್ನು ಬದುಕಿಸುವುದು ಹೊತ್ತಿಗೆ ಸರಿಯಾಗಿ ಸಿಗುವ ಹಾಸಿಗೆ, ಡ್ರಿಪ್ಪು, ಆರೈಕೆ. ಇವನ್ನು ತಂತಿಯಲ್ಲಿ ಕಳಿಸಲಿಕ್ಕಾಗುವುದಿಲ್ಲ.

ಹಾಗಂತ ಯಂತ್ರವನ್ನು ಹಳಿಯುವವನು ನಾನಲ್ಲ. 2002ರ ಹೊತ್ತಿಗೆ ಇಸ್ರೋದ ಉಪಗ್ರಹ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಎದೆನೋವಿನವರ ಇ.ಸಿ.ಜಿ.ಯನ್ನು ಹೃದಯದ ಡಾಕ್ಟರು ಅಲ್ಲಿಂದಲೇ ನೋಡಿದರು. 2019ರಲ್ಲಿ ಕೇಂದ್ರ ಸರ್ಕಾರದ ಇ-ಸಂಜೀವಿನಿ ಬಂತು. 2020ರ ಮಾರ್ಚ್ 25ರಂದು, ಕೊರೊನಾಕ್ಕೆ ದೇಶವೆಲ್ಲ ಬಾಗಿಲು ಹಾಕಿದ ದಿನವೇ, ದೂರದಿಂದ ಚಿಕಿತ್ಸೆ ಕೊಡಲು ನಿಯಮ ಬಂತು. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಶುರುವಾಯಿತು. ಮನಸ್ಸು ಕೆಟ್ಟವರು 14416ಕ್ಕೆ ಫೋನು ಮಾಡಬಹುದು. ಶಿವಮೊಗ್ಗದ ಬಸ್ಸಿಗೆ ಒಂದು ದಿನದ ಕೂಲಿ ಕಳೆದುಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ.

ನಮ್ಮವ್ವ ಹೊಟ್ಟೆನೋವು ಅಂತ ಆರೋಗ್ಯ ಉಪಕೇಂದ್ರಕ್ಕೆ ಹೋಗಿ ಬಂದಳು. ಅಲ್ಲಿಯ ಸಿಸ್ಟರು ಪರದೆ ಮೇಲೆ ಡಾಕ್ಟರನ್ನು ತೋರಿಸಿದ್ದರು. "ಚೆಂದಾಗಿ ಮಾತಾಡ್ಸಿದ್ರು ಕಣೋ ಮಗಾ. ಯಾವ ಕೇರಿ ಅಂತ ಕೇಳ್ಲಿಲ್ಲ. ಆದ್ರೆ ಹೊಟ್ಟೆ ಮುಟ್ಟಿ ನೋಡಿದ್ದು ಸಿಸ್ಟರಮ್ಮನೇ" ಅಂದಳು.

ಅವ್ವನ ಮಾತಿನಲ್ಲಿ ಎರಡೂ ದೂರ ಇವೆ. ಪರದೆ ಕೇರಿ ಕೇಳಲಿಲ್ಲ, ಅದು ನಮಗೆ ಲಾಭವೇ. ಆದರೆ ಪರದೆಗೆ ಕೈ ಇಲ್ಲ. ಸಿಸ್ಟರು ಹೊಟ್ಟೆ ಒತ್ತಿ, ನೋವು ಎಲ್ಲಿದೆ ಅಂತ ಹೇಳಿದ್ದಕ್ಕೇ ಆ ಕಡೆಯ ಡಾಕ್ಟರಿಗೆ ಕಾಯಿಲೆ ಕಂಡಿತು. 1929ರಲ್ಲಿ ನಡುವೆ ಬಂದ ಕೈ ಮೈಲಿಗೆ ಕಾಯಲಿಕ್ಕೆ ಬಂದದ್ದು. ಇವತ್ತು ನಡುವೆ ಇರುವ ಕೈ ಮೈಲಿಗೆ ಮುರಿಯಲಿಕ್ಕೆ ಇರಬೇಕು. ಆ ಸಿಸ್ಟರು, ಆ ಆಶಾ ಕಾರ್ಯಕರ್ತೆ ಕೇರಿಯೊಳಗೆ ಬರಲೊಲ್ಲದಿದ್ದರೆ, ಬಂದರೂ ಹೊಸ್ತಿಲಾಚೆ ನಿಂತು ಫೋನು ಹಿಡಿದರೆ, ಎಂಥ ಉಪಗ್ರಹ ಹಾರಿಸಿದರೂ ಅದು ಅದೇ ಹಳೆ ಥರ್ಮಾಮೀಟರು.

ಆ ಕೈಗಳ ಗತಿ ಏನು? ಹಳ್ಳಿಯಲ್ಲಿ ಪರದೆ ಹಿಡಿದು ಕೂತವರಲ್ಲಿ ಹೆಚ್ಚಿನವರು ಗುತ್ತಿಗೆ ನೌಕರರು. ಆಶಾಗಳಿಗೆ ಕೊಡುವುದಕ್ಕೆ ಸಂಬಳ ಅನ್ನೋ ಹೆಸರೂ ಇಲ್ಲ, ಗೌರವಧನ. ಯಂತ್ರಕ್ಕೆ ದುಡ್ಡು ಸುರಿದು ಮುಟ್ಟುವ ಕೈಯನ್ನು ಉಪವಾಸ ಕೆಡವುವುದು ಎಲ್ಲಿಯ ನ್ಯಾಯ?

ಹಾಗಾಗಿ ಹಳ್ಳಿಯ ಮೇಷ್ಟ್ರುಗಳಿಗೆ, ಓದುವ ತಮ್ಮ ತಂಗಿಯರಿಗೆ ನನ್ನದೊಂದು ಮಾತು. ಪರದೆ ಬರಲಿ, ಬೇಡ ಅನ್ನಬೇಡಿ. ಅದನ್ನು ತೋರಿಸಿ ತಾಲ್ಲೂಕು ಆಸ್ಪತ್ರೆಯ ಡಾಕ್ಟರ ಖಾಲಿ ಕುರ್ಚಿ ಮರೆಸಲು ಬಂದರೆ ಒಪ್ಪಬೇಡಿ. ಮತ್ತೆ, ನಿಮ್ಮೂರಿನ ಕೇರಿಗೆ ಹೋಗಿ ಒಂದೇ ಒಂದು ಪ್ರಶ್ನೆ ಕೇಳಿ: "ನಿಮ್ಮನ್ನ ಕಡೆಯ ಸಲ ಮುಟ್ಟಿ ನೋಡಿದೋರು ಯಾರು?" ಉತ್ತರ ಬರೆದಿಟ್ಟುಕೊಳ್ಳಿ. ಬಳ್ಳಿಗಾವಿಯ ಕಲ್ಲು ಬರೆಯದ ಚರಿತ್ರೆ ಅದು.