ದುಭಾಷಿಯ ರಜೆ

ನಮ್ಮ ಕಾಲೇಜಿನ ಸ್ನೇಹಿತರೊಬ್ಬರು ಒಂದು ವರ್ಷದ ರಜೆ ಹಾಕಿ, ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು, ದೇಶ ನೋಡುತ್ತ ನೋಡುತ್ತ ಕಾಶಿಗೆ ಹೋಗಿ ಬರುವ ಸನ್ನಾಹದಲ್ಲಿದ್ದಾರೆ. ಅಧ್ಯಾಪಕರ ಕೊಠಡಿಯ ಮೇಜಿನ ಮೇಲೆ ಒಂದು ತಿಂಗಳಿನಿಂದ ಭೂಪಟ ಹಾಸಿಯೇ ಇದೆ. ಸಂಸಾರಸಮೇತ ಇಂಥ ಹುಚ್ಚು ಹಿಂದೆ ಯಾರಿಗೂ ಹಿಡಿದಿರಲಿಲ್ಲವೆಂದು ಒಬ್ಬರು ನಕ್ಕರು. ಹಿಡಿದಿತ್ತು, ಅದೂ ಕಚೇರಿಗೆ ಹೋಗುವ ಒಬ್ಬ ಗೃಹಸ್ಥನಿಗೆ. ಆತನ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಏನುಗುಲ ವೀರಾಸ್ವಾಮಯ್ಯನು ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ದುಭಾಷಿಯಾಗಿದ್ದವನು. ಕಂಪನಿ ಸರಕಾರದ ಆ ಕಾಲದಲ್ಲಿ ಅದು ಸಣ್ಣ ಹುದ್ದೆಯಲ್ಲ. 1830ರ ಮೇ 18ರಂದು ಆತ ಮದರಾಸಿನಿಂದ ಹೊರಟ. ಜೊತೆಯಲ್ಲಿ ಕುಟುಂಬದವರು, ಬಂಧುಗಳು, ಆಳುಗಳು, ಪಲ್ಲಕ್ಕಿ ಹೊರುವ ಬೋಯಿಗಳು, ಎಲ್ಲ ಸೇರಿ ಸುಮಾರು ನೂರು ಮಂದಿ. ಮರಳಿ ಊರು ಸೇರಿದ್ದು 1831ರ ಸೆಪ್ಟೆಂಬರ್ 3ರಂದು. ಹದಿನೈದೂವರೆ ತಿಂಗಳು! ಕಡಪ, ಹೈದರಾಬಾದು, ನಾಗಪುರ, ಜಬಲ್ಪುರಗಳ ಮೇಲೆ ಪ್ರಯಾಗ, ಕಾಶಿ, ಗಯೆ, ಅಲ್ಲಿಂದ ಕಲ್ಕತ್ತ, ಬರುವಾಗ ಪುರಿ ಜಗನ್ನಾಥ, ಅನಂತರ ಪೂರ್ವದ ಕರಾವಳಿಯ ದಾರಿ. ಎರಡು ಸಾವಿರ ಮೈಲಿಗೆ ಕಡಮೆಯಿಲ್ಲದ ಪಯಣ.

ಕಾಶಿಗೆ ಹೋದವನೂ ಸುಡುಗಾಡಿಗೆ ಹೋದವನೂ ಒಂದೇ ಎಂಬ ಅರ್ಥದ ಗಾದೆ ತೆಲುಗಿನಲ್ಲಿದೆ. ಹಿಂದಿನವರು ಕಾಶಿಗೆ ಹೊರಡುತ್ತಿದ್ದದ್ದು ಬಹುಮಟ್ಟಿಗೆ ಸಂಸಾರದ ಹೊಣೆ ಕಳೆದ ಮೇಲೆ, ಮರಳಿ ಬರುವ ಆಸೆಯನ್ನು ಅರ್ಧ ಬಿಟ್ಟು. ನಮ್ಮ ಮದುವೆಗಳಲ್ಲಿ ವರನು ಛತ್ರಿ ಹಿಡಿದು ಕಾಶಿಯಾತ್ರೆಗೆ ಹೊರಡುವುದೂ ಸಂಸಾರ ಬೇಡವೆಂಬ ನಟನೆಯೇ ಅಲ್ಲವೆ? ವೀರಾಸ್ವಾಮಯ್ಯನು ಸಂಸಾರವನ್ನು ಬಿಟ್ಟು ಹೋಗಲಿಲ್ಲ, ಹೊತ್ತುಕೊಂಡೇ ಹೋದ. ಮರಳಿ ಬಂದು ಅದೇ ಕಚೇರಿಯ ಮೆಟ್ಟಿಲು ಹತ್ತಬೇಕಾದ ಮನುಷ್ಯ ಆತ. ಆದ್ದರಿಂದಲೇ ಆತನ ಯಾತ್ರೆಯಲ್ಲಿ ಭಕ್ತಿಯಷ್ಟೇ ಲೆಕ್ಕಾಚಾರವೂ ಇದೆ.

ಆ ಲೆಕ್ಕಾಚಾರ ಎಷ್ಟು ಕಠಿಣವೆಂಬುದನ್ನು ನಾವು ಇಂದು ಊಹಿಸುವುದೂ ಕಷ್ಟ. ಮೇ ತಿಂಗಳ ನಡುವೆ ಹೊರಟವರಿಗೆ ಮೊದಲು ರಾಯಲಸೀಮೆಯ ಬಿಸಿಲು, ಅದರ ಬೆನ್ನಿಗೇ ಮುಂಗಾರು. ಎದುರಿಗೆ ಕೃಷ್ಣೆ, ಗೋದಾವರಿ, ನರ್ಮದೆ. ದಾಟಲು ಹರಿಗೋಲೋ ದೋಣಿಯೋ ಆಗಬೇಕು. ಹಣದ ಮಾತು ಇನ್ನೂ ತೊಡಕು. ಕಂಪನಿಯ ಸೀಮೆಗಳಿಗೆಲ್ಲ ಒಂದೇ ರೂಪಾಯಿ ಎಂಬ ಕಾನೂನು ಬಂದದ್ದು 1835ರಲ್ಲಿ. ಅದಕ್ಕೆ ಐದು ವರ್ಷ ಮುಂಚೆ ಹೊರಟವನಿಗೆ ಮದರಾಸಿನ ನಾಣ್ಯ ಬೇರೆ, ನಿಜಾಮರ ಸೀಮೆಯದು ಬೇರೆ, ನಾಗಪುರದ ಭೋಂಸಲೆಯವರದು ಬೇರೆ. ಎಲ್ಲ ಕಡೆಯೂ ವಟ್ಟ ತೆರಬೇಕು. ಇದರ ಮೇಲೆ ದಾರಿಯ ಸುಂಕಗಳು, ಪ್ರಯಾಗ, ಗಯೆ, ಪುರಿಗಳಲ್ಲಿ ಯಾತ್ರಿಕರ ತೆರಿಗೆ. ಈ ಕೊನೆಯದನ್ನು ಕಂಪನಿ ಸರಕಾರ ಕೈಬಿಟ್ಟದ್ದು 1840ರಲ್ಲಿ.

ಯಾತ್ರಿಕರ ತೆರಿಗೆ ಎಂದೊಡನೆ ಕನ್ನಡ ಶಾಸನಗಳ ಪರಿಚಯವುಳ್ಳವರಿಗೆ ಹೊಯ್ಸಳ ಮೂರನೆಯ ನರಸಿಂಹನ ನೆನಪು ಬಾರದಿರದು. ಕಾಶಿಯಲ್ಲಿ ತುರುಷ್ಕರು ವಿಧಿಸುತ್ತಿದ್ದ ತೆರಿಗೆಯನ್ನು ಕಟ್ಟಲು ಯಾತ್ರಿಕರಿಗೆ ನೆರವಾಗಲೆಂದು ಈ ಅರಸನು 1279ರಲ್ಲಿ ಒಂದು ಗ್ರಾಮದ ಉತ್ಪನ್ನವನ್ನೇ ಬಿಟ್ಟುಕೊಟ್ಟಿದ್ದನು. ವರ್ಷಕ್ಕೆ 645 ನಿಷ್ಕ. ಕನ್ನಡಿಗರಿಗೆ ಮಾತ್ರವಲ್ಲ, ತೆಲುಗರಿಗೂ ತುಳುವರಿಗೂ ಮಲೆಯಾಳಿಗಳಿಗೂ ಅದರಲ್ಲಿ ಪಾಲು. ದಾನವನ್ನು ಅಳಿದವರಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ತಟ್ಟಲೆಂದು ನಮ್ಮ ಶಾಸನಗಳು ಶಪಿಸುವುದನ್ನು ವಿದ್ಯಾರ್ಥಿಗಳಿಗೆ ಎಷ್ಟು ಬಾರಿ ಪಾಠ ಹೇಳಿದ್ದೇನೋ! ಆ ವಾರಣಾಸಿಗೆ ಹೋಗುವವರ ಖರ್ಚಿನ ಚಿಂತೆಯೂ ಕಲ್ಲಿನ ಮೇಲೆ ಉಳಿದಿದೆ ಎಂಬುದು ನನಗೆ ಹೆಚ್ಚು ಪ್ರಿಯವಾದ ಸಂಗತಿ.

ಇನ್ನು ಪ್ರಾಣಭಯ. ನಾಗಪುರದಿಂದ ಜಬಲ್ಪುರಕ್ಕೆ ಹೋಗುವುದು ಕಾಡಿನ ದಾರಿ. ದಾರಿಹೋಕರ ಕೊರಳಿಗೆ ಬಟ್ಟೆ ಬಿಗಿದು ಕೊಲ್ಲುವ ಥಗ್ಗರನ್ನು ಹಿಡಿಯುವ ಸ್ಲೀಮನ್ನನ ಕೆಲಸ ಆ ಸೀಮೆಯಲ್ಲಿ ಬಿರುಸಾದದ್ದು 1830ರಲ್ಲಿಯೇ. ನೂರು ಮಂದಿಯ ಪರಿವಾರ ಬರಿಯ ಆಡಂಬರವಲ್ಲವೆಂದು ಇದರಿಂದ ತಿಳಿಯಬೇಕು.

ವೀರಾಸ್ವಾಮಯ್ಯನಲ್ಲಿ ನಾನು ಮೆಚ್ಚುವುದು ಬೇರೆ ಒಂದು ಗುಣ. ಬೀಡುಬಿಟ್ಟ ಊರುಗಳ ಸಂಗತಿಯನ್ನು ಆತ ಬರೆದು ಬರೆದು ಮದರಾಸಿನ ಗೆಳೆಯ ಕೋಮಲೇಶ್ವರಪುರಂ ಶ್ರೀನಿವಾಸ ಪಿಳ್ಳೆಗೆ ಕಳಿಸುತ್ತಿದ್ದ. ಈ ಮಜಲಿನಿಂದ ಆ ಮಜಲಿಗೆ ಎಷ್ಟು ದೂರ, ದಾರಿ ಮರಳೋ ಕಲ್ಲೋ, ಕೆರೆಯುಂಟೋ ಬಾವಿಯುಂಟೋ, ಅಂಗಡಿಯಲ್ಲಿ ಏನು ದೊರಕೀತು, ಇಳಿದುಕೊಳ್ಳಲು ಜಾಗವುಂಟೆ. ಇವೇ ಆ ಬರಹದ ಬೆನ್ನೆಲುಬು. ಕಾವ್ಯಾಸಕ್ತರಿಗೆ ಇದು ನೀರಸವಾಗಿ ಕಂಡೀತು. ಆದರೆ ಮುಂದೆ ಹೆಂಡಿರು ಮಕ್ಕಳೊಡನೆ ಅದೇ ದಾರಿ ಹಿಡಿಯುವ ಅಪರಿಚಿತನೊಬ್ಬನಿಗೆ ಸಂಜೆಯ ಹೊತ್ತು ನೀರು ಎಲ್ಲಿ ಸಿಕ್ಕೀತೆಂದು ಹೇಳಿಟ್ಟದ್ದು ಎಷ್ಟೋ ವರ್ಣನೆಗಳಿಗಿಂತ ದೊಡ್ಡದು. ಆತ 1836ರಲ್ಲಿ ತೀರಿಕೊಂಡ ಮೇಲೆ, 1838ರಲ್ಲಿ, ಶ್ರೀನಿವಾಸ ಪಿಳ್ಳೆಯೇ ಅದನ್ನು 'ಕಾಶೀಯಾತ್ರಾ ಚರಿತ್ರ'ವೆಂದು ತೆಲುಗಿನಲ್ಲಿ ಅಚ್ಚು ಹಾಕಿಸಿದ. 1870ರ ಹೊತ್ತಿಗೆ ಜಬಲ್ಪುರದ ಮೇಲೆ ರೈಲು ಓಡತೊಡಗಿ, ಆ ಮಜಲುಗಳ ಲೆಕ್ಕವನ್ನು ಬಹುಮಂದಿ ಮರೆತರು.

ಇಷ್ಟನ್ನೂ ಸ್ನೇಹಿತರ ಮನೆಯಲ್ಲಿ ಹೇಳಿದೆ. ಅವರು ಭೂಪಟದ ಮೇಲೆ ನಾಗಪುರವನ್ನು ಹುಡುಕುತ್ತಿದ್ದರು. ಕಾಫಿ ತಂದ ಅವರ ಮನೆಯಾಕೆ, "ಆ ಮನೆಯ ಹೆಂಗಸರು ಏನಾದರೂ ಬರೆದಿಟ್ಟಿದ್ದಾರೆಯೆ ಮೇಷ್ಟ್ರೆ? ಹದಿನೈದು ತಿಂಗಳು ದಾರಿಯಲ್ಲಿ ಒಲೆ ಹೂಡಿದವರು ಅವರೇ ತಾನೆ?" ಎಂದು ಕೇಳಿದರು. ಅವರ ಕೈಬರಹ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ; ಹೆಗಲ ಮೇಲೆ ಪಲ್ಲಕ್ಕಿ ಹೊತ್ತು ಆ ಮೈಲಿಗಳನ್ನೆಲ್ಲ ಕಾಲಲ್ಲಿ ಅಳೆದ ಬೋಯಿಗಳದೂ ಇಲ್ಲ. ಹಾಗೆಂದೇ ಹೇಳಿದೆ. ಆಕೆ ಮೇಜಿನ ಮೇಲಿದ್ದ ಸಾಮಾನಿನ ಪಟ್ಟಿಯನ್ನು ತೆಗೆದುಕೊಂಡು, ಕೊನೆಗೆ ಒಂದು ದಪ್ಪ ನೋಟುಪುಸ್ತಕವನ್ನು ಸೇರಿಸಿದರು.