ಹದ

ಪತ್ರಿಕೆಗಳಲ್ಲಿ ಈಗ ‘ಹದ’ಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ‘ಹದಗೆಟ್ಟ’. ರಸ್ತೆ ಹದಗೆಡುತ್ತದೆ, ಆರೋಗ್ಯ ಹದಗೆಡುತ್ತದೆ, ಕಾನೂನು ಸುವ್ಯವಸ್ಥೆ ಹದಗೆಡುತ್ತದೆ. ಕೆಡದೆ ಉಳಿದ ಹದದ ಅರ್ಥವೂ ತೆಳುವಾಗಿದೆ. ಹದವಾಗಿ ಮಾತಾಡು ಅಂದರೆ ಮೆತ್ತಗೆ ಮಾತಾಡು, ಹದವಾದ ಬದುಕು ಅಂದರೆ ಯಾವುದರಲ್ಲೂ ಅತಿಗೆ ಹೋಗದ ಬದುಕು ಎಂಬಂತೆ, ಮಿತಕ್ಕೆ ಇನ್ನೊಂದು ಹೆಸರಾಗಿ ಅದು ಸವೆಯುತ್ತಿದೆ. ಎರಡೂ ಒಂದೇ ಅಲ್ಲ. ಮಿತ ನಮಗೆ ನಾವೇ ಹಾಕಿಕೊಳ್ಳುವ ಕಟ್ಟು. ಎದುರಿಗೆ ಏನಿದ್ದರೂ ಅದಕ್ಕೆ ಲೆಕ್ಕವಿಲ್ಲ. ಹದ ಎದುರಿಗಿರುವುದರ ಗುಣ. ಹದಕ್ಕೆ ಬರುವುದು ವಸ್ತು, ಹದ ನೋಡುವುದು ಮನುಷ್ಯ. ನಮ್ಮ ಕ್ರಿಯಾಪದಗಳೇ ಈ ಕೆಲಸವನ್ನು ಹೀಗೆ ಹಂಚಿಕೊಟ್ಟಿವೆ.

ಮಂಡ್ಯ ಸೀಮೆಯ ಆಲೆಮನೆಯಲ್ಲಿ ಪಾಕ ನೋಡುವವನು ಕುದಿಯುವ ಕೊಪ್ಪರಿಗೆಯಿಂದ ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತಾನೆ. ಉಂಡೆ ಜಾರಿದರೆ ಇನ್ನೂ ಉರಿ ಬೇಕು. ಗಟ್ಟಿಯಾಗಿ ನಿಂತರೆ ಆ ಗಳಿಗೆಯಲ್ಲೇ ಇಳಿಸಬೇಕು, ತಡವಾದರೆ ಬೆಲ್ಲ ಸೀಯುತ್ತದೆ. ಉಷ್ಣಮಾಪಕ ಬಂದ ಮೇಲೆ ಇದೆಲ್ಲ ಏಕೆ ಎಂದು ಕೇಳಬಹುದು. ಜೋನಿಬೆಲ್ಲಕ್ಕೆ ಸುಮಾರು 105 ಡಿಗ್ರಿ, ಅಚ್ಚುಬೆಲ್ಲಕ್ಕೆ ಸುಮಾರು 118 ಡಿಗ್ರಿ ಸೆಲ್ಸಿಯಸ್ ಎಂಬ ಲೆಕ್ಕ ಇದ್ದೇ ಇದೆ, ಉಪಯೋಗಕ್ಕೂ ಬರುತ್ತದೆ. ಆದರೆ ಕಡಿದು ದಿನಗಟ್ಟಲೆ ಬಿದ್ದ ಕಬ್ಬಿನಲ್ಲಿ ಸಕ್ಕರೆ ಒಡೆದಿರುತ್ತದೆ. ಅದರ ರಸ ಅದೇ 118 ಮುಟ್ಟಿದರೂ ಅಚ್ಚಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಅಂಕಿ ಹೇಳುವುದು ಬಿಸಿಯನ್ನು, ಉಂಡೆ ಹೇಳುವುದು ಇವತ್ತಿನ ಈ ರಸವನ್ನು. ಹಾಗೆಂದು ಹದ ಕೆಲವರ ಕೈಗೆ ಮಾತ್ರ ಒಲಿಯುವ ಗುಟ್ಟು ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಪಕ್ಕದಲ್ಲಿ ನಿಲ್ಲಿಸಿಕೊಂಡು ಹತ್ತು ಸಲ ಉಂಡೆ ಕಟ್ಟಿಸಿದರೆ ಅದು ಕಲಿಯಬಹುದಾದ ವಿದ್ಯೆ. ಗುಟ್ಟು ಎಂದವರು ಬಹುಮಟ್ಟಿಗೆ ಕಲಿಸಲು ಮನಸ್ಸಿಲ್ಲದವರು.

ಹದ ನಡುಮಟ್ಟವೂ ಅಲ್ಲ. ಕುಲುಮೆಯಲ್ಲಿ ಬಡಿಯಲು ಹದವಾದ ಕಬ್ಬಿಣ ಕೆಂಡದಂತೆ ಕೆಂಪಗಿರುತ್ತದೆ. ಉಗುರುಬೆಚ್ಚಗಿನದು ಯಾವ ಕೆಲಸಕ್ಕೂ ಬಾರದು. ನೀರಿಗದ್ದಿದ ಉಕ್ಕು ಗಡುಸಾದರೂ ಪೆಡಸು, ಆದ್ದರಿಂದ ಕಮ್ಮಾರ ಅದನ್ನು ಮತ್ತೆ ಹದವಾಗಿ ಕಾಯಿಸುತ್ತಾನೆ. ಮೈಮೇಲೆ ಒಣಹುಲ್ಲಿನ ಹಳದಿ ಹರಿದಾಗ ನಿಲ್ಲಿಸಿದರೆ ಅಲಗು ಚೂಪಾಗಿ ಉಳಿಯುತ್ತದೆ, ನೀಲಿಗೆ ತಿರುಗುವವರೆಗೆ ಬಿಟ್ಟರೆ ಬಾಗಿದರೂ ಮುರಿಯದ ಗುಣ ಬರುತ್ತದೆ. ಒಂದೇ ಉಕ್ಕು, ಬಳಕೆಗೆ ತಕ್ಕಂತೆ ಎರಡು ಹದ. ಈ ಪದ ಬಹಳವಾಗಿ ದುಡಿದ ಇನ್ನೊಂದು ಜಾಗ ಚರ್ಮದ ಕೆಲಸ. ತೊಗಲನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಕೆರೆದು, ತಂಗಡಿ ತೊಗಟೆಯ ಒಗರು ರಸದಲ್ಲಿ ವಾರಗಟ್ಟಲೆ ಇಟ್ಟು ಹದ ಮಾಡಿದವರನ್ನು ಊರು ಹೊರಗಿಟ್ಟಿತು, ಪದವನ್ನು ಮಾತ್ರ ಅಡುಗೆಮನೆಗೂ ಸಭೆಗೂ ಕರೆದುಕೊಂಡಿತು. ಹನ್ನೆರಡನೆಯ ಶತಮಾನದ ಶರಣ ಡೋಹರ ಕಕ್ಕಯ್ಯ ಇದೇ ಕಸುಬಿನವನು. ಆ ಕಸುಬಿನ ಮಕ್ಕಳು ಇಂದು ಅನ್ಯಾಯದ ಬಗ್ಗೆ ದನಿ ಎತ್ತಿದಾಗ ‘ಸ್ವಲ್ಪ ಹದವಾಗಿ ಮಾತಾಡಿ’ ಎಂದು ಬುದ್ಧಿ ಹೇಳುವುದು ನನಗೆ ಸಹಿಸಲಾಗದ ಅಪಚಾರವಾಗಿ ಕಾಣುತ್ತದೆ. ಅವರದೇ ಮಾತನ್ನು ಅವರ ಬಾಯಿಗೆ ಬೀಗ ಹಾಕಲು ಬಳಸಿದ ಹಾಗೆ. ಹಾಗಾದರೆ ಯಾರು ಕಿರುಚಿದರೂ ಹದವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಲ್ಲ. ಹದ ತಪ್ಪಿದ ತೊಗಲು ಕೊಳೆಯುತ್ತದೆ, ಅತಿಯಾಗಿ ಕಾದ ಅಲಗು ಮೊಂಡಾಗುತ್ತದೆ; ಸಿಟ್ಟಿನ ಮಾತಿಗೂ ಇಂಥ ಪರೀಕ್ಷೆ ಇದೆ. ಆ ಪರೀಕ್ಷೆ ನಡೆಯಬೇಕಾದದ್ದು ಆಗಿರುವ ಅನ್ಯಾಯದ ಗಾತ್ರ ನೋಡಿ, ಕೇಳುವವರ ಕಿವಿಗೆ ಎಷ್ಟು ಹಿತವಾಯಿತು ಎಂದು ನೋಡಿ ಅಲ್ಲ.